ಹದಿನಾರು ವಾರದ ಪಂಚಾಂಗ

ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಪುಂಜಾಲಕಟ್ಟೆ ಆಸುಪಾಸಿನ ಒಂದು ಕಾಲೇಜು. ಮೇಷ್ಟ್ರು ಡ್ರಾಯಿಂಗ್ ಶೀಟಿಗೆ ಸ್ಕೇಲಿಟ್ಟು ಗೆರೆ ಎಳೆದಿದ್ದರು: ಹದಿನಾರು ವಾರ, ಹದಿನಾರು ಪಾಠ, ಪಾಠಕ್ಕೊಬ್ಬ ವಿದ್ಯಾರ್ಥಿಯ ಮಂಡನೆ.

"ಜುಲೈ ಮೂರನೇ ವಾರ ನಿನ್ನದು ಮಾರಾಯ."

"ಮಳೆಗೆ ಡಿಸಿ ರಜೆ ಕೊಟ್ರೆ ಸರ್?"

"ಆಗಸ್ಟಿಗೆ ಹಾಕುವ."

"ಅಷ್ಟಮಿ, ಮೊಸರುಕುಡಿಕೆ. ಮತ್ತೆ ಚೌತಿ."

"ನವೆಂಬರ್?"

"ಕಂಬಳ ಶುರು ಸರ್. ಮಾವನ ಕೋಣ ನೇಗಿಲು ಕಿರಿಯ ವಿಭಾಗದಲ್ಲಿ ಓಡ್ತದೆ."

ರಬ್ಬರ್ ಉಜ್ಜಿ ಉಜ್ಜಿ ಶೀಟು ತೂತಾಯಿತು. ಹುಡುಗನನ್ನೇ ದೂರಿ ಏನು ಫಲ? 2021ರಲ್ಲಿ ನಾಲ್ಕು ವರ್ಷದ ಪದವಿ ತಂದು, 2024ರಲ್ಲಿ ಮೂರಕ್ಕೇ ಮರಳಿದ ರಾಜ್ಯವಿದು; ಪಠ್ಯಕ್ಕೇ ತಲೆಸುತ್ತು.

ಹಿಂದಿನ ಬೆಂಚಿನ ಹುಡುಗಿ ಎದ್ದಳು. "ಸರ್, ನಾನು ಓದಿ ಬಂದಿದ್ದೇನೆ. ಇವತ್ತೇ ಹೇಳಲಾ?"

ಮೇಷ್ಟ್ರು ಗಾಬರಿಯಿಂದ ಶೀಟು ನೋಡಿದರು. "ಇವತ್ತು ನಿನ್ನ ಹೆಸರೇ ಇಲ್ಲವಲ್ಲ ಮಾರಾಯ್ತಿ!"