ಒನಕೆಯ ಗುರಿಕಾರ

ಸೈನ್ಯಕ್ಕೆ ಆಯ್ಕೆಯಾದ ಪತ್ರ ಕೈಸೇರಿದ ದಿನಕ್ಕೂ ತರಬೇತಿ ಕೇಂದ್ರದ ಹೆಬ್ಬಾಗಿಲನ್ನು ಹೊಗುವ ದಿನಕ್ಕೂ ನಡುವೆ ಕೆಲವು ವಾರಗಳ ವಿರಾಮವುಂಟಷ್ಟೆ. ಆ ಅವಧಿಯಲ್ಲಿ ಕೆಲವು ತರುಣರು ತಾಳುವ ಅವತಾರವನ್ನು ನಮ್ಮ ಪುರಾಣಕಾರರು ಏಕೋ ಎಣಿಕೆಗೆ ತಂದುಕೊಂಡಿಲ್ಲ. ಬಂದೂಕನ್ನು ಮುಟ್ಟುವ ಮೊದಲೇ ಲಕ್ಷ್ಯಭೇದದಲ್ಲಿ ಪಾರಂಗತನಾದ ಈ ಪುರುಷನು ನಸುಕಿನಲ್ಲಿ ಓಡುವನು, ತಲೆಗೂದಲನ್ನು ಮುಂಚಿತವಾಗಿಯೇ ಕತ್ತರಿಸಿಕೊಳ್ಳುವನು, ಕಾರಿಯಪ್ಪನವರ ಚಿತ್ರವನ್ನು ಗೋಡೆಗೆ ತೂಗುಹಾಕಿ, 1949ರ ಜನವರಿ 15ರಂದು ಅವರು ಭಾರತೀಯರಲ್ಲಿ ಮೊದಲಿಗರಾಗಿ ಸೇನೆಯ ಮಹಾದಂಡನಾಯಕತ್ವವನ್ನು ವಹಿಸಿಕೊಂಡ ವೃತ್ತಾಂತವನ್ನು ತಾನೇ ಪಕ್ಕದಲ್ಲಿ ನಿಂತು ಕಂಡವನಂತೆ ವರ್ಣಿಸುವನು. ಇಷ್ಟನ್ನು ಸಹಿಸಬಹುದು. ಸಹಿಸಲಾಗದ್ದು ಒನಕೆ.

ನಮ್ಮ ಎದುರುಮನೆಯ ಚಿರಂಜೀವಿಗೆ ಯಾರೋ ನಿವೃತ್ತ ಹವಲ್ದಾರರು, ಎನ್.ಸಿ.ಸಿ. ಹುಡುಗರು ಹಿಡಿಯುವ ತ್ರೀನಾಟ್‌ತ್ರೀ ಬಂದೂಕು ಸುಮಾರು 9 ಪೌಂಡು ತೂಗುತ್ತದೆಂದು ಹೇಳಿಬಿಟ್ಟಿದ್ದರು. ತಾಯಿಯ ಒನಕೆಯೂ ಹೆಚ್ಚುಕಡಮೆ ಅಷ್ಟೇ ಭಾರವೆಂದು ನಿಶ್ಚಯಿಸಿದ ಅವನು, ಅದಕ್ಕೊಂದು ಮೊಳೆ ಹೊಡೆದು ಕುದುರೆಯೆಂದು ಹೆಸರಿಟ್ಟು, ವಠಾರದ ನಡುದಾರಿಯಲ್ಲಿ ಬೋರಲಾಗಿ ಮಲಗಿ, ನಾನು ಆಗತಾನೆ ಸುಣ್ಣ ಹೊಡೆಸಿದ್ದ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಕರಿಯ ವೃತ್ತಕ್ಕೆ ಗುರಿಯಿಡುತ್ತಿದ್ದನು. ಹಾಲಿನ ಚೆಂಬು ಹಿಡಿದು ಬರುವ ನಾನು ಅವನ ಕಾಲುಗಳನ್ನು ದಾಟುವ ಮುನ್ನ ಒನಕೆಯ ತುದಿಯಲ್ಲಿ ನಾಲ್ಕಾಣೆಯ ಬಿಲ್ಲೆಯೊಂದನ್ನು ಇಡಬೇಕು. ಕುದುರೆಯನ್ನು ಅದುಮಿದಾಗ ಬಿಲ್ಲೆ ಬೀಳದಿದ್ದರೆ ಕೈ ಸ್ಥಿರವಾಗಿದೆಯೆಂದು ಅರ್ಥ.

“ಉಸಿರನ್ನು ಅರ್ಧ ಬಿಟ್ಟು ತಡೆಹಿಡಿಯಬೇಕು, ರಾಯರೆ. ಕುದುರೆಯನ್ನು ಜಗ್ಗಬಾರದು, ಮೆಲ್ಲಮೆಲ್ಲನೆ ಅದುಮುತ್ತ ಹೋಗಬೇಕು. ಗುಂಡು ಹೊರಟದ್ದು ಹೊಡೆದವನಿಗೇ ಅಚ್ಚರಿಯಾಗಬೇಕು.”

ಬಿಲ್ಲೆ ಟಣ್ಣೆಂದು ಬಿದ್ದು ಮೋರಿಯ ಕಡೆಗೆ ಉರುಳಿತು.

“ನೀವು ಕೆಮ್ಮಿದಿರಿ” ಎಂದನು.

ಬಿಲ್ಲೆ ನನ್ನದು, ಕೆಮ್ಮೂ ನನ್ನದೇ ಎಂದು ಒಪ್ಪಿಕೊಂಡೆನು. ಕಣ್ಣು ಬಂದೂಕಿನ ಮುಂದಿನ ಮೊನೆಯ ಮೇಲೆ ನೆಟ್ಟಿರಬೇಕು, ಗುರಿ ಕೊಂಚ ಮಸುಕಾಗಿ ಕಂಡರೂ ಬಾಧಕವಿಲ್ಲವೆಂಬುದು ಅವನ ಇನ್ನೊಂದು ಸೂತ್ರ. ಶಾಸ್ತ್ರವೇನೋ ಸರಿಯಾದದ್ದೇ. ಮಸುಕೇ ಅರ್ಹತೆಯಾದ ಪಕ್ಷದಲ್ಲಿ, ಕನ್ನಡಕ ತೆಗೆದೊಡನೆ ಸಮಸ್ತ ಜಗತ್ತೂ ಮಂಜಾಗುವ ನಾನು ಎಂದೋ ಸುಬೇದಾರನಾಗಬೇಕಾಗಿತ್ತು.

ಕೋವಿಯನ್ನು ಬಲ್ಲವರ ರೀತಿಯೇ ಬೇರೆ. ಕೊಡಗಿನಲ್ಲಿ ಕೈಲು ಮುಹೂರ್ತದ ಹಬ್ಬದಂದು ಆಯುಧಗಳನ್ನು ಪೂಜಿಸಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿದ್ದೇನೆ. ಕಾಯನ್ನು ಒಡೆದ ವೃದ್ಧರೊಬ್ಬರು ಕೋವಿಯನ್ನು ಮಗನ ಕೈಗಿತ್ತು, ಊಟ ಸಿದ್ಧವಾಯಿತೇ ಎಂದು ವಿಚಾರಿಸಿದರೇ ಹೊರತು ಉಸಿರಾಟದ ಪ್ರಸ್ತಾಪವನ್ನೇ ಎತ್ತಲಿಲ್ಲ.

ಹೊರಡುವ ಹಿಂದಿನ ರಾತ್ರಿ ನಮ್ಮ ವೀರನು ಜಗಲಿಗೆ ಬಂದು ಕುಳಿತನು. ಬಹಳ ಹೊತ್ತು ಮಾತಿಲ್ಲ. ಆಮೇಲೆ ಒಳಗಿದ್ದ ತಾಯಿಗೆ ಕೇಳಿಸದಂತೆ, “ರಾಯರೆ, ನಿಜವಾದ ಬಂದೂಕು ಭುಜಕ್ಕೆ ತುಂಬಾ ಒದೆಯುತ್ತದೆಯೆ?” ಎಂದನು. ಬುಡವನ್ನು ಭುಜದ ಕುಳಿಗೆ ಬಿಗಿಯಾಗಿ ಒತ್ತಿ ಹಿಡಿದರೆ ಅಷ್ಟೇನೂ ನೋಯದಂತೆ ಎಂದೆನು; ಅದನ್ನು ನನಗೆ ಹೇಳಿಕೊಟ್ಟವನು ಅವನೇ. ಆದರೂ ಹೊಸ ಮಾತು ಕೇಳಿದವನಂತೆ ತಲೆದೂಗಿದನು. ಇಷ್ಟು ದಿನ ಆ ಒನಕೆಯ ಹಿಂದೆ ಮಲಗಿದ್ದದ್ದು ಬಿಂಕವೊಂದೇ ಅಲ್ಲವೆಂದು ಆಗ ತೋರಿತು.

ತರಬೇತಿ ಕೇಂದ್ರದಿಂದ ಕಾಗದ ಬಂದಿತು. ಮೊದಲಿಗೆ ಬಂದೂಕೇ ಇಲ್ಲ. ಓಟ, ಕವಾಯತು, ಹುಲ್ಲು ಕೀಳುವುದು. ಮುಂದೆ ಗುಂಡು ಹೊಡೆಸುವ ಸರದಿ ಬಂದಾಗ ಉಸ್ತಾದರು, ಹಿಂದೆ ಎಂದೂ ಬಂದೂಕು ಹಿಡಿಯದವನಿಗೆ ಕಲಿಸುವುದೇ ಸುಲಭ, ಬಿಡಿಸಬೇಕಾದ ಕೆಟ್ಟ ಅಭ್ಯಾಸಗಳಿರುವುದಿಲ್ಲ ಎಂದರಂತೆ. “ಒನಕೆಯ ವಿಷಯ ಹೇಳಲಿಲ್ಲ” ಎಂದು ಬರೆದಿದ್ದನು.

ನಿಮ್ಮ ವಠಾರದಲ್ಲಿ ಯಾರಿಗಾದರೂ ಸೈನ್ಯದ ಕರೆ ಬಂದಲ್ಲಿ ಮನಸಾರೆ ಹರಸಿರಿ, ಸಿಹಿ ಹಂಚಿರಿ. ಆ ಮನೆಯ ಒನಕೆಯನ್ನು ಮಾತ್ರ ಅಂದೇ ಎರವಲು ತಂದಿಟ್ಟುಕೊಳ್ಳಿರಿ.