ಮುದ್ರೆಯುಂಗುರ ಮೀಮಾಂಸೆ, ಅಥವಾ ಹಕ್ಕಿಯ ಕಾಲುಂಗುರಕ್ಕೆ ಮಂಗನೇ ಮೂಲವೆಂಬ ವಾದ

ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಹಾರಿಬಿಡುವ ವಿದ್ಯೆ ಡೆನ್ಮಾರ್ಕಿನಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ವೀಬೋರ್ಗ್ ಊರಿನ ಮಾರ್ಟೆನ್ಸನ್ ಎಂಬ ಶಾಲಾ ಮೇಷ್ಟ್ರು ಮೊದಲು ಸತುವಿನ ಉಂಗುರ ಮಾಡಿ, ಭಾರವಾಯಿತೆಂದು ಬಿಟ್ಟು, 1899ರಲ್ಲಿ ಕಬ್ಬಕ್ಕಿಗಳ ಕಾಲಿಗೆ ಅಲ್ಯುಮಿನಿಯಂ ಉಂಗುರ ಹಾಕಿದರು. ಅದರ ಮೇಲೆ ಅಂಕಿ, ಊರ ಹೆಸರು. ಇಷ್ಟು ನಿಜ. ಆದರೆ ಹೆಸರು ಕೆತ್ತಿದ ಉಂಗುರ ಹೊತ್ತು ನೂರು ಯೋಜನ ಕಡಲು ಹಾರಿದ ಮೊದಲ ಜೀವಿ ನಮ್ಮ ಹನುಮಂತ. ಉಂಗುರ ಮುಟ್ಟಿದ ವರದಿಯನ್ನೂ ತಾನೇ ಹಿಂದಿರುಗಿ ಒಪ್ಪಿಸಿದ. ಇದು ಇಂದಿನ ಯಾವ ಹಕ್ಕಿಗೂ ಆಗದ ಮಾತು. ಹೊರಡುವ ಮುನ್ನ ಅವನ ತೂಕ ಬರೆದುಕೊಳ್ಳದಿದ್ದದ್ದು ಸುಗ್ರೀವನ ಕಚೇರಿಯ ಲೋಪ. (ಶಕುಂತಲೆಯ ಉಂಗುರ ಸಿಕ್ಕಿದ್ದು ಮೀನಿನ ಹೊಟ್ಟೆಯಲ್ಲಿ. ಅದು ಮೀನುಗಾರಿಕೆ ಇಲಾಖೆಯ ಕಡತ, ನಮಗೆ ಬೇಡ.)

ತ್ರೇತಾಯುಗದ ಸಾಕ್ಷ್ಯ ಒಪ್ಪದವರಿಗೆ ಸೊರಬ ತಾಲ್ಲೂಕಿನದು ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಜನರಿಗೂ ಜ್ವರ ಹತ್ತಿತು. ಉಣುಗು ಹರಡುವ ಆ ವೈರಸ್ಸು ರಷ್ಯಾದ ಕಾಯಿಲೆಯೊಂದರ ದಾಯಾದಿಯೆಂದು ಗೊತ್ತಾದಾಗ, ಚಳಿಗಾಲಕ್ಕೆ ಸೈಬೀರಿಯಾದ ಕಡೆಯಿಂದ ಬರುವ ಹಕ್ಕಿಗಳ ಮೇಲೆ ಗುಮಾನಿ ಬಿತ್ತು. ಪತ್ತೆಗೆಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು, ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಲ್ಲಿ ಬಲೆ ಹಿಡಿದು ಹೊರಟಿತು. ಸತ್ತದ್ದು ಮಂಗ, ಬೇಡಿ ಬಿದ್ದದ್ದು ಹಕ್ಕಿಗೆ. ಆರೋಪ ರುಜುವಾತಾಗಲಿಲ್ಲ, ಉಂಗುರ ಮಾತ್ರ ಉಳಿದುಕೊಂಡಿತು.

ಮೂರನೆಯದು ಪ್ರತ್ಯಕ್ಷ ಪ್ರಮಾಣ. ಡಿಸೆಂಬರಿನ ಒಂದು ಬೆಳಗ್ಗೆ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿಯ ಮೇಲೆ ಮಂಕಿ ಕ್ಯಾಪು ಹಾಕಿಕೊಂಡು ಕೂತಿದ್ದೆ (ಇದನ್ನು ಉಪಪ್ರಮಾಣವೆಂದು ಗಣಿಸತಕ್ಕದ್ದು). ಹೊಲ ಮೇಯ್ದು ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಲ್ಲಿ ತೂಕಡಿಸುತ್ತಿದ್ದವು. ಬಿಳಿ ತಲೆಯ ಹಿಂದೆ ಎರಡು ಕರಿ ಪಟ್ಟೆ, ಮಸಿಬೆರಳಿನಲ್ಲಿ ಎಳೆದ ಹಾಗೆ. ಒಂದರ ಕೊರಳಲ್ಲಿ ಅಕ್ಷರ ಬರೆದ ಪಟ್ಟಿಯೂ ಕಂಡಿತು. ನಾನು ದುರ್ಬೀನು ಸರಿಮಾಡಿಕೊಳ್ಳುವಷ್ಟರಲ್ಲಿ ಅದು ಕತ್ತು ತಿರುಗಿಸಿ ಕೊಕ್ಕನ್ನು ಬೆನ್ನ ಗರಿಯೊಳಗೆ ಹುದುಗಿಸಿತು. ನಲವತ್ತು ನಿಮಿಷ ಕಾದೆ. ಎದ್ದಿತು, ಅದೇ ಗಳಿಗೆಗೆ ಅಡ್ಡಲಾಗಿ ಇನ್ನೊಂದು ಬಂದು ನಿಂತಿತು.

ಕುರಿ ಹೊಡಕೊಂಡು ಬಂದ ಅಜ್ಜ ಕೇಳಿದ, “ಇವು ಯಾ ಊರಿನವ್ರಿ ಸಾಹೇಬ್ರ?”

“ಮಂಗೋಲಿಯಾದವು, ಅಜ್ಜಾರ. ಹಿಮಾಲಯ ದಾಟಿ ಬರ್ತಾವು.”

“ಹಂಗಂದ್ರಿ? ಅದಕ್ಕ ನಮ್ಮ ಕಡ್ಲಿ ಹೊಲಾ ಹಿಂಗ ಮುಕ್ಕತಾವು. ಮಂಗ್ಯಾನ ಬುದ್ಧಿ!”

ಮಂಗೋಲಿಯಾ ಶಬ್ದದ ವ್ಯುತ್ಪತ್ತಿಯನ್ನು ಇಷ್ಟು ಸ್ಪಷ್ಟವಾಗಿ ಬಿಡಿಸಿದ ವೈಯಾಕರಣಿ ಇನ್ನೊಬ್ಬನಿಲ್ಲ. ಸಿದ್ಧಾಂತ ಅಲ್ಲಿಗೆ ಸ್ಥಾಪಿತವಾಯಿತು. ಕೊರಳಪಟ್ಟಿಯ ಅಕ್ಷರ ಓದಲಾಗಲಿಲ್ಲ, ಆ ಮಾತು ಬೇರೆ.

ಓದುಗರಲ್ಲಿ ಒಂದು ವಿನಂತಿ. ಉಂಗುರವಿರುವ ಹಕ್ಕಿ ಎಲ್ಲಾದರೂ ಸತ್ತು ಬಿದ್ದಿದ್ದರೆ ಅದರ ಅಂಕಿ, ತಾರೀಕು, ಜಾಗ ಬರೆದು ಉಂಗುರದ ಮೇಲಿರುವ ವಿಳಾಸಕ್ಕೆ ಕಾಗದ ಹಾಕಿ. ಹಕ್ಕಿ ಬದುಕಿದ್ದರೆ ಉಂಗುರ ಬಿಚ್ಚಬೇಡಿ, ಓದಿಕೊಂಡು ಹಾರಿಬಿಡಿ.