ಕೈ ಎತ್ತಿದವರಿಗೇ ಅಂಕ

ಸ್ಟ್ರಾಟಜಿ ಪಾಠ ಮಾಡಿದ ಪ್ರಾಧ್ಯಾಪಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೊದಲ ಟರ್ಮ್ ಮುಗಿಯಿತು, ಗ್ರೇಡೂ ಕೈಸೇರಿತು. ಇನ್ನು ತಮ್ಮನ್ನು ಹೊಗಳಿದರೆ ಅಂಕದಾಸೆ ಎಂದು ಯಾರೂ ಆಡಿಕೊಳ್ಳಲಾರರು ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಬೆಂಗಳೂರಿನ ಈ ಕಾಲೇಜು ಸೇರುವ ಮುಂಚೆ ನನಗೊಂದು ಕೆಟ್ಟ ಚಾಳಿಯಿತ್ತು. ಗೊತ್ತಿದ್ದರೆ ಮಾತಾಡುತ್ತಿದ್ದೆ, ಗೊತ್ತಿಲ್ಲದಿದ್ದರೆ ಸುಮ್ಮನಿರುತ್ತಿದ್ದೆ. ಅದನ್ನು ತಾವು ಬೇರುಸಮೇತ ಕಿತ್ತಿರಿ. ಒಟ್ಟು ಅಂಕಗಳಲ್ಲಿ ಶೇ 20 ಸಿಪಿಗೆ, ಅಂದರೆ ಕ್ಲಾಸ್ ಪಾರ್ಟಿಸಿಪೇಶನ್‌ಗೆ ಎಂದು ಮೊದಲ ದಿನವೇ ಸಾರಿದಿರಿ. ಕೊನೆಯ ಸಾಲಿನಲ್ಲಿ ಸೀಟಿಂಗ್ ಚಾರ್ಟ್ ಹಿಡಿದು ಕೂತ ತಮ್ಮ ಸಹಾಯಕಿ, ಬಾಯಿ ತೆರೆದವರ ಹೆಸರಿನ ಮುಂದೆಲ್ಲ ಒಂದೊಂದು ಗೀಟು ಎಳೆಯುತ್ತಿದ್ದರು. ಬಾಯಿಂದ ಬಂದದ್ದೇನು ಎಂದು ಬರೆಯಲು ಆ ಚಾರ್ಟಿನಲ್ಲಿ ಜಾಗವಿರಲಿಲ್ಲ. ‘ಅವರ ಪಾಯಿಂಟ್‌ಗೆ ಸೇರಿಸೋದಾದ್ರೆ ಸರ್’ ಎಂದು ಶುರುಮಾಡಿ ಅವರು ಹೇಳಿದ್ದನ್ನೇ ಹೇಳಿದರೆ ಒಂದು ಗೀಟು. ‘ನಾನಿದನ್ನು ಒಪ್ಪಲ್ಲ ಸರ್’ ಎಂದು ಎದ್ದು ಮತ್ತದನ್ನೇ ಹೇಳಿದರೆ ಇನ್ನೊಂದು. ಎರಡನೇ ವಾರದ ಹೊತ್ತಿಗೆ ಇಡೀ ಸೆಕ್ಷನ್ನೇ ವಿದ್ವಾಂಸರಿಂದ ತುಂಬಿತ್ತು.

ಕೋಡಾಕ್ ಕೇಸ್ ಸ್ಟಡಿಯ ದಿನ ಮರೆಯಲಾರೆ. 1975ರಲ್ಲೇ ಆ ಕಂಪನಿಯ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು ಹಿಡಿಯುತ್ತಿತ್ತು. ಫಿಲ್ಮ್ ಮಾರಿಕೊಂಡೇ ಬೆಳೆದ ಕಂಪನಿ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಇಷ್ಟನ್ನೂ ಓದಿಸಿ, ಕೋಡಾಕ್ ಏನು ಮಾಡಬೇಕಿತ್ತು ಎಂದು ಕೇಳಿದಿರಿ. ಆಶ್ಚರ್ಯ! ಎಲ್ಲರಿಗೂ ಉತ್ತರ ಗೊತ್ತಿತ್ತು. ಫಿಲ್ಮ್ ರೋಲನ್ನು ಕೈಯಲ್ಲಿ ಮುಟ್ಟದವರೂ ಆಡಳಿತ ಮಂಡಳಿಯನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. ನನಗೆ ಎರಡು ಗೀಟು ಬಿದ್ದವು.

ಆಮೇಲೆ ಬಂತು, ಉದ್ಯಮವೊಂದರ ಪೈಪೋಟಿಯನ್ನು ಅಳೆಯಲು ಸ್ಟ್ರಾಟಜಿ ಪಂಡಿತ ಮೈಕೆಲ್ ಪೋರ್ಟರ್ 1979ರಲ್ಲಿ ಕೊಟ್ಟ ಐದು ಬಲಗಳ ಚೌಕಟ್ಟು. ಅದರೊಳಗೆ ತಾವು ಕೂರಿಸದ ಉದ್ಯಮವಿಲ್ಲ. ಒಂದನ್ನು ಮಾತ್ರ ಬಿಟ್ಟಿರಿ. ಪೋರ್ಟರ್ ತಮ್ಮ ಜೊತೆಗಾರರೊಂದಿಗೆ 1983ರಲ್ಲಿ ಕಟ್ಟಿದ ಸಲಹಾ ಸಂಸ್ಥೆ ಮಾನಿಟರ್ ಕೂಡ ದಿವಾಳಿ ಅರ್ಜಿ ಹಾಕಿತು. ಅದೂ 2012ರಲ್ಲೇ, ನವೆಂಬರಿನಲ್ಲಿ. ಕೊನೆಗೆ ಡೆಲಾಯ್ಟ್ ಅದನ್ನು ಕೊಂಡುಕೊಂಡಿತು. ಇದನ್ನು ನಾನು ಪರೀಕ್ಷೆಯ ಹಿಂದಿನ ರಾತ್ರಿ, ಪಾಠಕ್ಕೆ ಸಂಬಂಧವಿಲ್ಲದ್ದನ್ನು ಓದುತ್ತಾ ಕಂಡುಕೊಂಡೆ. ಸಿಲಬಸ್ಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿಗಲೂಬಾರದು ಬಿಡಿ, ಮಕ್ಕಳ ಮನಸ್ಸು ಕೆಡುತ್ತದೆ.

ನಮ್ಮ ಗ್ರೂಪ್ ಪ್ರಾಜೆಕ್ಟಿಗೆ ತಾವು ಎ ಕೊಟ್ಟಿದ್ದೀರಿ. ಕಾಲೇಜಿನ ಗೇಟಿನಾಚೆಯ ಟೀ ಅಂಗಡಿಯ ಮೇಲೆ ಐದು ಬಲಗಳನ್ನೂ ಪ್ರಯೋಗಿಸಿದ್ದೆವು. ಸ್ಲೈಡ್ ಮಾಡಿದವಳು ಒಬ್ಬಳೇ ಆದರೂ ಮೊದಲ ಸ್ಲೈಡಿನಲ್ಲಿ ಆರು ಹೆಸರುಗಳು ರಾರಾಜಿಸುತ್ತಿದ್ದವು. ‘ಸರಬರಾಜುದಾರರ ಬಲ: ಮಧ್ಯಮ’ ಎಂದು ಹಳದಿ ಬಣ್ಣದಲ್ಲಿ ತೋರಿಸಿದೆವು. ನಂದಿನಿ ಹಾಲಿನ ದರ 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿದ್ದನ್ನು ಅಂಗಡಿಯವರು ನಮಗೆ ಹೇಳಿರಲಿಲ್ಲ. ನಾವು ಅವರನ್ನು ಮಾತಾಡಿಸಿರಲಿಲ್ಲ. ‘ಅವರನ್ನು ಕೇಳಿದಿರಾ’ ಎಂದು ತಾವೂ ನಮ್ಮನ್ನು ಕೇಳಲಿಲ್ಲ. ಫಾಂಟ್ ಬಗ್ಗೆ ಮಾತ್ರ ಒಂದು ಒಳ್ಳೆಯ ಸಲಹೆ ಕೊಟ್ಟಿರಿ.

ಎರಡನೇ ಟರ್ಮಿನ ವೇಳಾಪಟ್ಟಿ ಬಂದಿದೆ. ಬಿಸಿನೆಸ್ ಎಥಿಕ್ಸ್ ಅರ್ಧ ಕ್ರೆಡಿಟ್, ಶನಿವಾರ ಮಧ್ಯಾಹ್ನ ಊಟವಾದ ಮೇಲೆ. ಹಾಜರಾತಿ ಕಡ್ಡಾಯವಲ್ಲ.

ತಮ್ಮಲ್ಲಿ ನನ್ನದು ಎರಡೇ ಬಿನ್ನಹ. ಮುಂದಿನ ಬ್ಯಾಚಿಗೆ ಕೋಡಾಕ್ ಜೊತೆ ಮಾನಿಟರನ್ನೂ ಓದಿಸಿ. ‘ಗೊತ್ತಿಲ್ಲ ಸರ್’ ಅಂದವರಿಗೂ ಒಂದು ಗೀಟು ಎಳೆಸಿ.

ಫೀಸಿನ ಎರಡನೇ ಕಂತು ಕಟ್ಟಿದ್ದೇನೆ. ರಸೀದಿ ಇನ್ನೂ ಬಂದಿಲ್ಲ.

ಇಂತಿ ತಮ್ಮ ವಿಧೇಯ,
ಎ ಗ್ರೇಡಿನ ವಿದ್ಯಾರ್ಥಿ